ವಿಮಾನವೂ ಒಂದು ಆಧಾರ: ‘ಆಧಾರಗಳು’ ಪಾಠದಲ್ಲಿ ಲಿಬರೇಟರ್

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸದ ಮೊದಲ ಅಧ್ಯಾಯ ‘ಆಧಾರಗಳು’. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ ಎಂದು ವಿಂಗಡಿಸಿ, ಶಾಸನ, ನಾಣ್ಯ, ಸ್ಮಾರಕಗಳಿಗೆ ಒಂದೊಂದು ಉದಾಹರಣೆ ಕೊಟ್ಟು ಎರಡು ಅವಧಿಯಲ್ಲಿ ಮುಗಿಸಬಹುದಾದ ಅಧ್ಯಾಯ. ಹಾಗೆ ಮುಗಿಸಿದರೆ ಮಕ್ಕಳಿಗೆ ಆಧಾರಗಳ ಪಟ್ಟಿ ಬಾಯಿಪಾಠವಾಗುತ್ತದೆ. ಒಂದು ಆಧಾರದ ಮುಂದೆ ನಿಂತು ಏನು ಕೇಳಬೇಕು ಎಂಬುದು ಮಾತ್ರ ತಿಳಿಯುವುದಿಲ್ಲ. ಬೋಧನಾಭ್ಯಾಸದ ಅವಧಿಯಲ್ಲಿ ಈ ಪಾಠವನ್ನು ನಾನು ಒಂದೇ ತರಗತಿಗೆ ಎರಡು ಬಾರಿ ಮಾಡಿದೆ. ಮೊದಲನೆಯದು ಸೋತಿತು. ಎರಡನೆಯದು ಸಾಕಷ್ಟು ಮಟ್ಟಿಗೆ ಸರಿಹೋಯಿತು. ಎರಡಕ್ಕೂ ಬಳಸಿದ ಉದಾಹರಣೆ ಒಂದೇ: ಎರಡನೇ ಮಹಾಯುದ್ಧದ ಲಿಬರೇಟರ್ ಬಾಂಬರ್ ವಿಮಾನ. ಎರಡು ಪಾಠಗಳ ನಡುವೆ ಏನು ಬದಲಾಯಿತು ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲ ಪಾಠ

ನನ್ನ ತಂದೆ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾನು ಬೆಳೆದದ್ದು ಬೆಂಗಳೂರಿನ ಪೂರ್ವಭಾಗದಲ್ಲಿ, ತಲೆಯ ಮೇಲೆ ವಿಮಾನ ಹಾದುಹೋದರೆ ಶಬ್ದ ಕೇಳಿಯೇ ಯಾವುದೆಂದು ಹೇಳುವ ಹುಡುಗರ ಜೊತೆ. ಹಳೆಯ ಯುದ್ಧವಿಮಾನಗಳ ಚಿತ್ರ ಕತ್ತರಿಸಿ ಅಂಟಿಸಿದ ಮೂರು ಪುಸ್ತಕಗಳು ಈಗಲೂ ನನ್ನ ಬಳಿ ಇವೆ. ಆದ್ದರಿಂದ ಪುರಾತತ್ವ ಆಧಾರಕ್ಕೆ ಹೊಸ ಉದಾಹರಣೆ ಬೇಕೆಂದಾಗ ಮನಸ್ಸು ನೇರವಾಗಿ ಅಲ್ಲಿಗೇ ಹೋಯಿತು. ದೊಡ್ಡ ಚಿತ್ರಪಟ ಮಾಡಿಸಿದೆ. ರಟ್ಟಿನಲ್ಲಿ ಮಾದರಿ ಮಾಡಿದೆ. ರೆಕ್ಕೆಯ ಅಗಲ 110 ಅಡಿ, ನಾಲ್ಕು ಎಂಜಿನ್, 1939ರ ಡಿಸೆಂಬರ್ 29ರಂದು ಮೊದಲ ಹಾರಾಟ, ಒಟ್ಟು ತಯಾರಾದದ್ದು 18,000ಕ್ಕೂ ಹೆಚ್ಚು ಎಂದು ಹೇಳುತ್ತಾ ಹೋದೆ. ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದರು. ಪಾಠ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡೆ.

ಅವಧಿ ಮುಗಿಯಲು ಐದು ನಿಮಿಷವಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಇದು ಬಾಂಬ್ ಹಾಕೋ ವಿಮಾನ ತಾನೆ? ಇದರಿಂದ ಎಷ್ಟೋ ಜನ ಸತ್ತಿರ್ತಾರೆ. ಇದನ್ನ ಯಾಕೆ ಜೋಪಾನ ಮಾಡಿ ಇಟ್ಕೋಬೇಕು?” ಎಂದು ಕೇಳಿದಳು. ನನಗೆ ಏನೂ ಹೊಳೆಯಲಿಲ್ಲ. “ಅದು ಈ ಪಾಠದಲ್ಲಿ ಬರಲ್ಲಮ್ಮ, ಕೂತ್ಕೋ” ಎಂದೆ.

ಮಾರ್ಗದರ್ಶಕ ಉಪನ್ಯಾಸಕಿಯವರು ವೀಕ್ಷಣಾ ಪುಸ್ತಕದಲ್ಲಿ ಎರಡು ಸಾಲು ಬರೆದಿದ್ದರು. ಮೊದಲನೆಯದು: ನಾನು ಕೇಳಿದ ಪ್ರಶ್ನೆಗಳು ಏಳು, ಏಳಕ್ಕೂ ಒಂದೇ ಪದದ ಉತ್ತರ ಸಾಕಾಗಿತ್ತು. ಎರಡನೆಯದು: “ಆ ಹುಡುಗಿಯ ಪ್ರಶ್ನೆಯೇ ಇವತ್ತಿನ ಪಾಠವಾಗಿತ್ತು.”

ಹಿಮ್ಮಾಹಿತಿಯ ಹೊತ್ತಿನಲ್ಲಿ ಮೇಡಂ ನನ್ನ ಆಸಕ್ತಿಯನ್ನು ತಪ್ಪೆನ್ನಲಿಲ್ಲ. “ನಿಮಗೆ ವಿಮಾನದ ಬಗ್ಗೆ ಇಷ್ಟೆಲ್ಲ ಗೊತ್ತು. ಅದು ನಿಮಗೆ ಹೇಗೆ ಗೊತ್ತಾಯಿತು? ಯಾವುದು ವಿಮಾನವನ್ನೇ ನೋಡಿ ಗೊತ್ತಾದದ್ದು, ಯಾವುದು ದಾಖಲೆಯಿಂದ, ಯಾವುದು ಯಾರೋ ಹೇಳಿದ್ದರಿಂದ? ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ” ಎಂದರು. ಆ ಹಾಳೆಯನ್ನು ತುಂಬಲು ನನಗೆ ಒಂದು ರಾತ್ರಿ ಹಿಡಿಯಿತು. ಮರುಯೋಜನೆ ಅಲ್ಲಿಂದ ಶುರುವಾಯಿತು.

ವಿಷಯ ವಿಶ್ಲೇಷಣೆ

ಪಾಠಕ್ಕೆ ಬೇಕಾದಷ್ಟು ವಿಷಯವನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ. ಬಳಸುವವರು ತಮ್ಮ ತರಗತಿಗೆ ತಕ್ಕಂತೆ ಆರಿಸಿಕೊಳ್ಳಬಹುದು.

*ಕಾನ್ಪುರದಿಂದ ಬೆಂಗಳೂರಿಗೆ:* ಬಿ-24 ಲಿಬರೇಟರ್ ಅಮೆರಿಕದಲ್ಲಿ ತಯಾರಾದ ಭಾರೀ ಬಾಂಬರ್. ಯುದ್ಧಕಾಲದಲ್ಲಿ ‘ಲೆಂಡ್-ಲೀಸ್’ ವ್ಯವಸ್ಥೆಯಡಿ ಬ್ರಿಟಿಷ್ ವಾಯುಪಡೆಗೂ ಈ ವಿಮಾನಗಳು ಬಂದವು. ಭಾರತದ ನೆಲೆಗಳಿಂದ ಹಾರಿ ಬರ್ಮಾದಲ್ಲಿದ್ದ ಜಪಾನಿ ಸೇನೆಯ ಮೇಲೆ ದಾಳಿ ಮಾಡಿದವು. ಯುದ್ಧ ಮುಗಿದ ಮೇಲೆ ಇಂಥ ವಿಮಾನಗಳನ್ನು ಹಿಂದಿರುಗಿಸಬೇಕು, ಇಲ್ಲವೇ ಹಣ ಕೊಟ್ಟು ಕೊಳ್ಳಬೇಕು, ಎರಡೂ ಆಗದಿದ್ದರೆ ನಾಶ ಮಾಡಬೇಕು. ಹೀಗಾಗಿ ಕಾನ್ಪುರದಲ್ಲಿ ಗುಂಪುಗುಂಪಾಗಿ ನಿಂತಿದ್ದ ಲಿಬರೇಟರ್‌ಗಳನ್ನು ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋದರು.

ಸ್ವಾತಂತ್ರ್ಯ ಬಂದಾಗ ಭಾರತೀಯ ವಾಯುಪಡೆಗೆ ಭಾರೀ ಬಾಂಬರ್ ಇರಲಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಆ ಗುಜರಿಯಿಂದ ವಿಮಾನಗಳನ್ನು ಎಬ್ಬಿಸುವ ಕೆಲಸ ಬಂತು. ಕಾರ್ಖಾನೆಯವರು ಕಾನ್ಪುರಕ್ಕೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ಹಾರಬಲ್ಲ ಸ್ಥಿತಿಗೆ ತಂದರು. ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಷಿ ಅವುಗಳನ್ನು ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ ದುರಸ್ತಿ ಮಾಡಲಾಯಿತು. ಹೀಗೆ ಸುಮಾರು 40 ವಿಮಾನಗಳು ಮತ್ತೆ ಸೇವೆಗೆ ಬಂದವು. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಆರಂಭವಾಯಿತು. ಮುಂದೆ 6ನೇ ಸ್ಕ್ವಾಡ್ರನ್ ಸಮುದ್ರ ಕಾವಲಿಗೆ ಇವನ್ನು ಬಳಸಿತು. 1968ರಲ್ಲಿ ಇವು ನಿವೃತ್ತಿಯಾದವು.

*ಉಳಿದವು ಎಲ್ಲಿವೆ:* ತಯಾರಾದ 18,000ಕ್ಕೂ ಹೆಚ್ಚು ಲಿಬರೇಟರ್‌ಗಳಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಕನಿಷ್ಠ ಐದು ಭಾರತೀಯ ವಾಯುಪಡೆಯಲ್ಲಿ ದುಡಿದವು. ಒಂದು ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿದೆ. ಒಂದು ಕೆನಡಾದ ಒಟ್ಟಾವಾದಲ್ಲಿ, ಒಂದು ಲಂಡನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯದಲ್ಲಿ, ಒಂದು ಅಮೆರಿಕದ ಅರಿಜೋನಾ ರಾಜ್ಯದ ಪೀಮಾ ಸಂಗ್ರಹಾಲಯದಲ್ಲಿ ಇದೆ. ಐದನೆಯದು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಬಳಿ ಇದೆ. ಬೇರೆ ದೇಶಗಳಲ್ಲಿ ಯುದ್ಧ ಮುಗಿದೊಡನೆ ಕರಗಿಸಿಬಿಟ್ಟ ವಿಮಾನ ಇಲ್ಲಿ ಇನ್ನೂ ಇಪ್ಪತ್ತು ವರ್ಷ ಕೆಲಸದಲ್ಲಿತ್ತು. ಸಂಗ್ರಹಾಲಯಗಳು ಹುಡುಕಿಕೊಂಡು ಬಂದಾಗ ಕೊಡಲು ಉಳಿದಿದ್ದು ಅದಕ್ಕೇ. ಉಳಿಸಬೇಕೆಂದು ಯಾರೂ ಉಳಿಸಿದ್ದಲ್ಲ. ಬೇಕಾಗಿತ್ತು, ರಿಪೇರಿ ಮಾಡಿದರು, ಉಳಿಯಿತು.

*ಉಳಿಸುವುದೆಂದರೆ:* ವಿಮಾನದ ಮೈ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹ. ಅದು ಕಬ್ಬಿಣದಂತೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಬಿಳಿ ಪುಡಿಯಾಗಿ ಒಳಗಿನಿಂದ ಪದರ ಬಿಡುತ್ತದೆ. ಅಲ್ಯೂಮಿನಿಯಂಗೆ ಉಕ್ಕಿನ ಬೋಲ್ಟ್ ತಾಗಿರುವಲ್ಲಿ ತೇವ ಸೇರಿದರೆ ಕೆಡುವುದು ಇನ್ನೂ ಬೇಗ. ಹಕ್ಕಿಗಳು ಸಂದಿಗಳಲ್ಲಿ ಗೂಡು ಕಟ್ಟಿದರೆ ನೀರು ಹೊರಹೋಗುವ ರಂಧ್ರಗಳು ಮುಚ್ಚಿಹೋಗುತ್ತವೆ. ಬಿಸಿಲಿಗೆ ಗಾಜಿನಂಥ ಪ್ಲಾಸ್ಟಿಕ್ ಕಿಟಕಿಗಳು ಮಬ್ಬಾಗಿ ಸೀಳುತ್ತವೆ. ಒಂದೇ ಕಡೆ ವರ್ಷಗಟ್ಟಲೆ ಭಾರ ಹೊತ್ತು ನಿಂತ ಟೈರು ಚಪ್ಪಟೆಯಾಗುತ್ತದೆ. ಅದಕ್ಕೇ ಸಂಗ್ರಹಾಲಯಗಳಲ್ಲಿ ಎಷ್ಟೋ ವಿಮಾನಗಳ ಕೆಳಗೆ ಆಸರೆ ಕೊಟ್ಟಿರುತ್ತಾರೆ. ಕತ್ತಲಲ್ಲಿ ಹೊಳೆಯಲೆಂದು ಆ ಕಾಲದ ಮಾಪಕಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಅದರ ವಿಕಿರಣ ಇನ್ನೂ ಇರುವುದರಿಂದ ಅವನ್ನು ಮುಟ್ಟುವ ಮುನ್ನ ಎಚ್ಚರ ಬೇಕು. ಉಳಿಸುವುದು ಹೊಸ ಬಣ್ಣ ಬಳಿದು ನಿಲ್ಲಿಸುವ ಕೆಲಸವಲ್ಲ ಎಂಬುದು ಇಷ್ಟರಿಂದ ಮಕ್ಕಳಿಗೆ ತಿಳಿಯುತ್ತದೆ.

*ಬಣ್ಣದ ಸಮಸ್ಯೆ:* ಪೀಮಾದಲ್ಲಿರುವ ಲಿಬರೇಟರ್ 1969ರಲ್ಲಿ ಭಾರತದಿಂದ ಅಮೆರಿಕಕ್ಕೆ ಹಾರಿಹೋದದ್ದು. ಇಂಗ್ಲೆಂಡಿನ ಬಂಗೇ ಎಂಬ ಊರಿನ ನೆಲೆಯಿಂದ ಯುರೋಪಿನ ಮೇಲೆ ದಾಳಿ ಮಾಡುತ್ತಿದ್ದ ಅಮೆರಿಕನ್ ದಳದ ವಿಮಾನವೊಂದರ ಬಣ್ಣ ಮತ್ತು ಹೆಸರನ್ನು ಅದಕ್ಕೆ ಕೊಟ್ಟಿದ್ದಾರೆ. ಕಾಲಿಂಗ್ಸ್ ವಿಮಾನವನ್ನು 1981ರಲ್ಲಿ ಬ್ರಿಟಿಷ್ ಸಂಗ್ರಾಹಕರೊಬ್ಬರು ಭಾರತದಿಂದ ಕೊಂಡರು. 1984ರಲ್ಲಿ ಅದು ಅಮೆರಿಕಕ್ಕೆ ಹೋಯಿತು. ಪೂರ್ತಿ ದುರಸ್ತಿಯಾಗಿ 1989ರಲ್ಲಿ ಮತ್ತೆ ಹಾರಿತು. ಆಮೇಲೆ ಅದು ಒಂದರ ನಂತರ ಒಂದು ಮೂರು ಹೆಸರು ಹೊತ್ತಿತು: ಮೊದಲು ‘ಆಲ್ ಅಮೆರಿಕನ್’, ನಂತರ ‘ದ ಡ್ರ್ಯಾಗನ್ ಅಂಡ್ ಹಿಸ್ ಟೇಲ್’, ಕೊನೆಗೆ ‘ವಿಚ್‌ಕ್ರಾಫ್ಟ್’. ಲಂಡನ್ನಿನದು ಬೇರೆ ಥರ. ಅದು 1945ರಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ಬ್ರಿಟಿಷ್ ವಾಯುಪಡೆಯ 99ನೇ ಸ್ಕ್ವಾಡ್ರನ್‌ನಲ್ಲಿತ್ತು. ಆಮೇಲೆ ಭಾರತದ 6ನೇ ಸ್ಕ್ವಾಡ್ರನ್ ಸೇರಿತು. 1974ರಲ್ಲಿ ಬ್ರಿಟನ್‌ಗೆ ಹೋಯಿತು.

ಮರುಯೋಜನೆ

ವಿಷಯ ಇಷ್ಟು ದೊಡ್ಡದಾದರೂ ಕಲಿಕಾ ಫಲಗಳನ್ನು ಮೂರಕ್ಕೇ ಸೀಮಿತಗೊಳಿಸಿದೆ.

1. ಒಂದು ವಸ್ತುವನ್ನು ನೋಡಿ, ಅದರಿಂದಲೇ ತಿಳಿಯುವ ಸಂಗತಿಯನ್ನೂ ದಾಖಲೆಯ ನೆರವಿನಿಂದ ತಿಳಿಯುವ ಸಂಗತಿಯನ್ನೂ ಮಕ್ಕಳು ಬೇರ್ಪಡಿಸುವರು.
2. ಆಧಾರವೊಂದು ದಾರಿ ತಪ್ಪಿಸಬಹುದಾದ ಸಂದರ್ಭಕ್ಕೆ ಉದಾಹರಣೆ ಕೊಡುವರು.
3. ಯುದ್ಧದ ವಸ್ತುವನ್ನು ಏಕೆ ಉಳಿಸಬೇಕು ಅಥವಾ ಉಳಿಸಬಾರದು ಎಂಬುದಕ್ಕೆ ತಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯುವರು.

ಪೂರ್ವಜ್ಞಾನಕ್ಕೆ ವೀರಗಲ್ಲನ್ನು ಆರಿಸಿಕೊಂಡೆ. ನಮ್ಮ ನಾಡಿನಲ್ಲಿ ಅದನ್ನು ನೋಡದ ಮಗು ಕಡಿಮೆ. ಬೆಂಗಳೂರಿನ ಬೇಗೂರಿನ ವೀರಗಲ್ಲಿನ ಚಿತ್ರವೂ ಸುಲಭವಾಗಿ ಸಿಗುತ್ತದೆ. ಕಲಿಕೋಪಕರಣವಾಗಿ ನಾಲ್ಕು ಕಾರ್ಡುಗಳು: ಪೀಮಾ, ಕಾಲಿಂಗ್ಸ್, ಲಂಡನ್ ಮತ್ತು ಬೇಗೂರು. ಪ್ರತಿ ಕಾರ್ಡಿನ ಮುಂದೆ ಚಿತ್ರ ಮಾತ್ರ. ಹಿಂದೆ ದಾಖಲೆಯಿಂದ ತಿಳಿದ ಮೂರು ನಾಲ್ಕು ವಾಕ್ಯ. ರಟ್ಟಿನ ಮಾದರಿಯನ್ನು ಈ ಸಲ ಮನೆಯಲ್ಲೇ ಬಿಟ್ಟೆ.

ಪಾಠದ ನಡೆ (40 ನಿಮಿಷ)

*ತೊಡಗಿಸಿಕೊಳ್ಳುವಿಕೆ (6 ನಿಮಿಷ):* ಹಿಂದಿನ ವಾರದ ಹುಡುಗಿಯ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಅವಳ ಮಾತಿನಲ್ಲೇ ಬರೆದೆ. “ಹೋದ ವಾರ ಈ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಇವತ್ತು ಎಲ್ಲರೂ ಸೇರಿ ಹುಡುಕೋಣ” ಎಂದೆ. ತರಗತಿ ಸುಮ್ಮನಾಯಿತು. ನಂತರ ಬೇಗೂರಿನ ವೀರಗಲ್ಲಿನ ಚಿತ್ರ ತೋರಿಸಿ, ಇದರಲ್ಲಿ ಏನು ಕಾಣುತ್ತದೆ ಎಂದು ಕೇಳಿದೆ. “ಕುದುರೆ”, “ಕತ್ತಿ”, “ಸತ್ತವರು ಬಿದ್ದಿದ್ದಾರೆ”, “ಮೇಲೆ ಅಕ್ಷರ ಇದೆ” ಎಂಬ ಉತ್ತರಗಳು ಬಂದವು. ಇದು 9ನೇ ಶತಮಾನದ ಕೊನೆಯ ಭಾಗದ್ದು, ಗಂಗರ ಕಾಲದ್ದು, ಇದರಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ ಎಂದೆ. “ಆಗಲೇ ಬೆಂಗಳೂರು ಇತ್ತಾ?” ಎಂದು ಎರಡು ಮೂರು ದನಿ ಒಟ್ಟಿಗೆ ಕೇಳಿದವು. “ಈ ಕಲ್ಲು ಯುದ್ಧದ್ದು, ಇದರಲ್ಲಿ ಹೆಣಗಳಿವೆ, ಬೇಡ ಎಂದು ಒಡೆದುಹಾಕಿದ್ದರೆ?” ಎಂದು ಕೇಳಿ ಅಲ್ಲಿಗೇ ನಿಲ್ಲಿಸಿದೆ. ಉತ್ತರ ಹೇಳಲಿಲ್ಲ.

*ಅನ್ವೇಷಣೆ (12 ನಿಮಿಷ):* ನಾಲ್ಕು ಗುಂಪುಗಳಿಗೆ ಕಾರ್ಡು ಹಂಚಿದೆ. ಮೊದಲು ಮುಂಭಾಗವನ್ನು ಮಾತ್ರ ನೋಡಬೇಕು. “ಇದು ಯಾರದು? ಎಲ್ಲಿ ಇತ್ತು? ಏನು ಮಾಡುತ್ತಿತ್ತು?” ಎಂಬ ಮೂರು ಪ್ರಶ್ನೆಗೆ ಉತ್ತರ ಬರೆಯಬೇಕು. ಪೀಮಾ ಗುಂಪಿನವರು ವಿಮಾನದ ಮೇಲಿನ ನಕ್ಷತ್ರದ ಗುರುತು ನೋಡಿ “ಅಮೆರಿಕದ್ದು, ಅಮೆರಿಕದವರು ಯುದ್ಧದಲ್ಲಿ ಹಾರಿಸಿದ್ದು” ಎಂದು ಖಚಿತವಾಗಿ ಬರೆದರು. ಆಮೇಲೆ ಕಾರ್ಡು ತಿರುಗಿಸಲು ಹೇಳಿದೆ. ಹಿಂದೆ ಇದ್ದದ್ದು: ‘ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಲಿಬರೇಟರ್‌ಗಳನ್ನು ಬೆಂಗಳೂರಿನಲ್ಲಿ ದುರಸ್ತಿ ಮಾಡಿದರು. ಈ ವಿಮಾನ ಭಾರತೀಯ ವಾಯುಪಡೆಯಲ್ಲಿತ್ತು. 1969ರಲ್ಲಿ ಅಮೆರಿಕಕ್ಕೆ ಹೋಯಿತು. ಈಗಿನ ಬಣ್ಣ ಬೇರೊಂದು ವಿಮಾನದ್ದು.’ ಗುಂಪಿನಲ್ಲಿ ಗದ್ದಲವೆದ್ದಿತು. ಒಬ್ಬ ಹುಡುಗ ಎದ್ದು, “ಸರ್, ಬಣ್ಣ ಸುಳ್ಳು ಹೇಳ್ತಿದೆ” ಎಂದ.

*ವಿವರಣೆ (10 ನಿಮಿಷ):* ಆ ಮಾತನ್ನೇ ಹಲಗೆಯ ಮೇಲೆ ಬರೆದು ಚರ್ಚೆಗೆ ಇಟ್ಟೆ. ಬಣ್ಣ ಬಳಿದವರು ಸುಳ್ಳು ಹೇಳಿದರೇ? ಆ ಹೆಸರಿನ ಮೂಲ ವಿಮಾನ ಉಳಿದಿಲ್ಲ, ಅದರಲ್ಲಿದ್ದವರ ನೆನಪಿಗಾಗಿ ಬಳಿದಿರಬಹುದು ಎಂದು ಒಂದು ಗುಂಪು ಹೇಳಿತು. “ಹಾಗಾದ್ರೆ ಪಕ್ಕದ ಬೋರ್ಡಲ್ಲಿ ಬರೀಬೇಕು” ಎಂದಿತು ಇನ್ನೊಂದು. ಬೇಗೂರಿನ ಗುಂಪಿನ ಹುಡುಗಿಯೊಬ್ಬಳು ತನ್ನ ಅಜ್ಜಿಯ ಊರಿನ ಕಲ್ಲಿನ ಬಗ್ಗೆ ಹೇಳಿದಳು. ಪೂಜೆ ಮಾಡಿ ಮಾಡಿ, ಎಣ್ಣೆ ಸುರಿದು, ಸುಣ್ಣ ಬಳಿದು, ಈಗ ಅಕ್ಷರ ಕಾಣುವುದೇ ಇಲ್ಲವಂತೆ. ನಾನು ಯೋಜಿಸಿದ್ದಕ್ಕಿಂತ ಒಳ್ಳೆಯ ಹೋಲಿಕೆ ಅದು. ಪ್ರೀತಿಯಿಂದ ಮಾಡಿದ ಕೆಲಸವೂ ಆಧಾರವನ್ನು ಮುಚ್ಚಬಹುದು ಎಂಬುದನ್ನು ಅವಳೇ ಹೇಳಿಕೊಟ್ಟಳು. ಹಳೆಯ ಬಣ್ಣವನ್ನು ಮೆಲ್ಲಗೆ ಉಜ್ಜುತ್ತಾ ಹೋದರೆ ಕೆಳಗಿನ ಪದರದಲ್ಲಿ ಹಿಂದಿನ ಗುರುತುಗಳು ಕಾಣಬಹುದು, ಉತ್ಖನನದ ಸ್ತರಗಳಂತೆಯೇ ಎಂದು ನಾನು ಸೇರಿಸಿದೆ.

ಆಗ ಕಾಲಿಂಗ್ಸ್ ಗುಂಪಿನಿಂದ ಇನ್ನೊಂದು ಪ್ರಶ್ನೆ ಬಂತು. ರೆಕ್ಕೆ ಒಂದು ವಿಮಾನದ್ದು, ಎಂಜಿನ್ ಇನ್ನೊಂದರದ್ದು, ಟೈರು ಹೊಸದು ಅಂದ ಮೇಲೆ ಅದು ಅದೇ ವಿಮಾನವೇ? ಉತ್ತರವನ್ನು ಮಕ್ಕಳಿಂದಲೇ ಕೇಳಿದೆ. ಊರಿನ ತೇರಿನ ಗಾಲಿ ಹೊಸದಾದರೂ ತೇರು ಅದೇ ಎನ್ನುತ್ತೇವಲ್ಲ ಎಂದು ಒಬ್ಬ ಹೇಳಿದ. “ತೇರು ಎಳೆಯೋಕೆ. ಇದು ನೋಡಿ ಕಲಿಯೋಕೆ. ಎರಡೂ ಒಂದೇ ಅಲ್ಲ” ಎಂದ ಪಕ್ಕದವನು. ಬಳಸುವ ವಸ್ತುವಿಗೂ ಆಧಾರವಾಗಿ ಉಳಿಸುವ ವಸ್ತುವಿಗೂ ಇರುವ ವ್ಯತ್ಯಾಸ ಅವನ ಮಾತಿನಲ್ಲಿತ್ತು. ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಹಾಕಿದ್ದು ಎಂದು ಬರೆದಿಡುವುದೇ ಸಂರಕ್ಷಣೆಯ ಮುಖ್ಯ ಕೆಲಸ ಎಂದು ಹೇಳಿ ಮುಂದೆ ಹೋದೆ.

*ವಿಸ್ತರಣೆ (7 ನಿಮಿಷ):* ಇಲ್ಲಿ ಹುಡುಗಿಯ ಪ್ರಶ್ನೆಗೆ ನೇರವಾಗಿ ಬಂದೆ. ಲಿಬರೇಟರ್‌ಗಳು ಥಾಯ್ಲೆಂಡ್–ಬರ್ಮಾ ರೈಲುಮಾರ್ಗದ ಮೇಲೂ ಬಾಂಬ್ ಹಾಕಿದವು. ಜಪಾನಿ ಸೇನೆಗೆ ಸಾಮಾನು ಸಾಗಿಸುತ್ತಿದ್ದ ಆ ಮಾರ್ಗವನ್ನು ಬಲವಂತದಿಂದ ಕಟ್ಟಿಸಿದ್ದು ಯುದ್ಧಕೈದಿಗಳಿಂದ ಮತ್ತು ಏಷ್ಯಾದ ಕೂಲಿಗಳಿಂದ. ಅವರಲ್ಲಿ ಮಲಯಾದ ತೋಟಗಳಿಂದ ಕರೆದೊಯ್ದ ತಮಿಳು ಕಾರ್ಮಿಕರೂ ಬಹಳ ಮಂದಿ ಇದ್ದರು. ಹಳಿಯ ಪಕ್ಕದ ಶಿಬಿರಗಳಲ್ಲಿದ್ದ ಕೈದಿಗಳೂ ಬಾಂಬಿಗೆ ಸಿಕ್ಕಿ ಸತ್ತರು. ಇಷ್ಟನ್ನು ಒಂದು ವಿಶೇಷಣವನ್ನೂ ಸೇರಿಸದೆ ಹೇಳಿದೆ. ಮೊದಲ ಪಾಠದಲ್ಲಿ ನಾನು ಬಿಟ್ಟುಬಿಟ್ಟಿದ್ದ ಭಾಗ ಇದೇ. ಬಿಟ್ಟಿದ್ದು ಗೊತ್ತಿಲ್ಲದೆ ಅಲ್ಲ. ನನ್ನ ಚಿತ್ರಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

“ಈಗ ಹೇಳಿ, ಇಟ್ಟುಕೊಳ್ಳಬೇಕೆ?” ಎಂದು ಕೇಳಿದೆ. ಕೈಗಳು ಎರಡೂ ಕಡೆಗೆ ಎದ್ದವು. ಯಾವುದು ಸರಿ ಎಂದು ನಾನು ಹೇಳಲಿಲ್ಲ.

*ಮೌಲ್ಯಮಾಪನ (5 ನಿಮಿಷ):* ಪ್ರತಿಯೊಬ್ಬರೂ ಚೀಟಿಯಲ್ಲಿ ಎರಡು ವಾಕ್ಯ ಬರೆಯಬೇಕು: ಉಳಿಸಬೇಕೆ, ಬೇಡವೆ, ಏಕೆ. ಆ ಹುಡುಗಿಯ ಚೀಟಿಯಲ್ಲಿ ಇದ್ದದ್ದು: “ಇಟ್ಟುಕೊಳ್ಳಬೇಕು. ಆದರೆ ಪಕ್ಕದ ಬೋರ್ಡಿನಲ್ಲಿ ರಿಪೇರಿ ಮಾಡಿದವರು ಯಾರು, ಬಾಂಬು ಎಲ್ಲಿ ಬಿತ್ತು ಎರಡನ್ನೂ ಬರೆಯಬೇಕು.” ಇನ್ನೊಬ್ಬ ಹುಡುಗ “ಬೇಡ. ಒಂದು ಸಾಕು, ಉಳಿದದ್ದು ಕರಗಿಸಿ ಬಸ್ ಮಾಡಲಿ” ಎಂದು ಬರೆದಿದ್ದ. ಎರಡಕ್ಕೂ ಪೂರ್ಣ ಅಂಕ ಕೊಟ್ಟೆ. ಎರಡರಲ್ಲೂ ಕಾರಣವಿತ್ತು. “ಇಟ್ಟುಕೊಳ್ಳಬೇಕು, ಏಕೆಂದರೆ ಅದು ನಮ್ಮ ಹೆಮ್ಮೆ” ಎಂದಷ್ಟೇ ಬರೆದ ಚೀಟಿಗಳೂ ಕೆಲವು ಬಂದವು. ಅವಕ್ಕೆ “ಯಾವ ಆಧಾರದಿಂದ?” ಎಂದು ಬರೆದು ಹಿಂದಿರುಗಿಸಿದೆ.

ಎರಡನೇ ಅವಧಿಗೆ: ಹಾರಿಸಬೇಕೆ, ನಿಲ್ಲಿಸಬೇಕೆ

ಸಮಯ ಸಿಕ್ಕರೆ ಇದೇ ವಿಷಯವನ್ನು ಚರ್ಚಾಸ್ಪರ್ಧೆಯಾಗಿ ಮುಂದುವರಿಸಬಹುದು. ಹಳೆಯ ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿಡಬೇಕು ಎನ್ನುವ ಆಸಕ್ತರು ಜಗತ್ತಿನಲ್ಲಿ ಬಹಳ ಇದ್ದಾರೆ. ಎಂಜಿನ್ನಿನ ಶಬ್ದ, ಎಣ್ಣೆಯ ವಾಸನೆ, ನೆಲ ಬಿಟ್ಟೇಳುವ ಕ್ಷಣ, ಇವೂ ಇತಿಹಾಸದ ಭಾಗ ಎಂಬುದು ಅವರ ವಾದ. ದುರಸ್ತಿಯ ಕೈಕಸುಬು ಉಳಿಯುವುದೂ ಹಾಗೆ ಹಾರಿಸಿದಾಗಲೇ. ಇನ್ನೊಂದು ಕಡೆಯವರ ವಾದವೂ ಗಟ್ಟಿಯೇ. ಹಾರಬೇಕಾದರೆ ಟೈರು, ರಬ್ಬರ್ ಕೊಳವೆ, ತಂತಿಗಳನ್ನೆಲ್ಲ ಬದಲಿಸಬೇಕು. ಹಾಗೆ ಮೂಲದ ಭಾಗ ಕಡಿಮೆಯಾಗುತ್ತಾ ಹೋಗುತ್ತದೆ. ಅಪಘಾತವಾದರೆ ವಸ್ತುವೂ ಹೋಗುತ್ತದೆ, ಜೀವವೂ ಹೋಗುತ್ತದೆ. 2019ರ ಅಕ್ಟೋಬರ್ 2ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಾಡ್ಲಿ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಹೊತ್ತು ಹಾರಿದ್ದ ಬಿ-17 ಬಾಂಬರ್ ಅಪಘಾತಕ್ಕೀಡಾಗಿ ಏಳು ಜನ ಸತ್ತರು. ಎರಡೂ ಕಡೆಗೆ ಸಮನಾದ ಸಾಮಗ್ರಿ ಕೊಟ್ಟು, ಅರ್ಧ ಹೊತ್ತಿನಲ್ಲಿ ಗುಂಪುಗಳ ಪಕ್ಷ ಅದಲುಬದಲು ಮಾಡಿಸಿದರೆ ಮಕ್ಕಳು ಇನ್ನೊಬ್ಬರ ವಾದವನ್ನು ಕೇಳಿಸಿಕೊಳ್ಳಲು ಕಲಿಯುತ್ತಾರೆ.

ಹೊರಭೇಟಿಗೆ

ಬೆಂಗಳೂರಿನ ಶಾಲೆಗಳಿಗೆ ಇದು ಸುಲಭ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದ ಆವರಣದಲ್ಲಿ ಎಚ್.ಎಫ್.-24 ಮಾರುತ ಯುದ್ಧವಿಮಾನವಿದೆ. ಎಚ್.ಎ.ಎಲ್.ನ ವೈಮಾನಿಕ ಸಂಗ್ರಹಾಲಯದಲ್ಲೂ ಒಂದಿದೆ. ಜರ್ಮನ್ ವಿನ್ಯಾಸಕ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಈ ವಿಮಾನವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತದ ಪರೀಕ್ಷಾ ಹಾರಾಟದಲ್ಲೇ ಅವರು ತೀರಿಕೊಂಡರು. ನಗರದ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ದಿನವೂ ಆ ಹೆಸರಿನ ನಿಲ್ದಾಣದಲ್ಲಿ ಬಸ್ಸಿಳಿಯುವ ಮಗುವಿಗೆ ರಸ್ತೆಯ ಹೆಸರೂ ಒಂದು ಆಧಾರ ಎಂದು ತೋರಿಸಿಕೊಡಬಹುದು.

ಭೇಟಿಯ ಹಾಳೆಯಲ್ಲಿ ಐದೇ ಪ್ರಶ್ನೆ ಸಾಕು:

1. ವಿಮಾನದ ಭಾರ ಟೈರಿನ ಮೇಲಿದೆಯೇ, ಆಸರೆಯ ಮೇಲಿದೆಯೇ?
2. ಬಣ್ಣ ಎಲ್ಲಾದರೂ ಎದ್ದಿದೆಯೇ? ಕೆಳಗೆ ಏನು ಕಾಣುತ್ತದೆ?
3. ಮಳೆ, ಬಿಸಿಲು, ಹಕ್ಕಿಗಳಿಂದ ರಕ್ಷಣೆ ಇದೆಯೇ?
4. ಪಕ್ಕದ ಫಲಕದಲ್ಲಿ ಯಾರ ಹೆಸರಿದೆ? ಯಾರ ಹೆಸರಿಲ್ಲ?
5. ಫಲಕ ತೆಗೆದರೆ ಈ ವಿಮಾನದಿಂದ ನಿಮಗೆ ಏನು ತಿಳಿಯುತ್ತದೆ?

ಹಳ್ಳಿಯ ಶಾಲೆಗಳಲ್ಲಿ ವಿಮಾನ ಬೇಕಾಗಿಲ್ಲ. ಊರ ಮುಂದಿನ ವೀರಗಲ್ಲಿಗೂ ಇವೇ ಪ್ರಶ್ನೆಗಳನ್ನು ಸ್ವಲ್ಪ ತಿದ್ದಿ ಕೇಳಬಹುದು. ಮೊದಲನೆಯದು ಕಲ್ಲು ನೆಟ್ಟಗಿದೆಯೇ, ವಾಲಿದೆಯೇ ಎಂದಾಗುತ್ತದೆ. ಎರಡನೆಯದು ಸುಣ್ಣದ ಕೆಳಗೆ ಅಕ್ಷರ ಕಾಣುತ್ತದೆಯೇ ಎಂದಾಗುತ್ತದೆ. ಉಳಿದ ಮೂರು ಹಾಗೆಯೇ ನಡೆಯುತ್ತವೆ.

ಮನೆಗೆಲಸ ಮತ್ತು ಅದರಿಂದ ಬಂದದ್ದು

ಮನೆಯಲ್ಲಿರುವ ಹಳೆಯ ವಸ್ತುವೊಂದರ ಬಗ್ಗೆ ಹಿರಿಯರನ್ನು ಕೇಳಿ ಬರೆದುಕೊಂಡು ಬರಲು ಹೇಳಿದ್ದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರೆದು ತಂದರು. ಒಬ್ಬ ಹುಡುಗ ತನ್ನ ತಾತನ ಕಾರ್ಖಾನೆಯ ಹಿತ್ತಾಳೆ ಬಿಲ್ಲೆ ತಂದಿದ್ದ. ಅದರ ಮೇಲೆ ಒಂದು ಸಂಖ್ಯೆ ಮಾತ್ರ ಇತ್ತು, ಹೆಸರಿರಲಿಲ್ಲ. ಆ ಸಂಖ್ಯೆ ತಾತನದು ಎಂದು ಈಗ ಹೇಳಬಲ್ಲವರು ಅವನ ಅಜ್ಜಿ ಒಬ್ಬರೇ. ಅಜ್ಜಿ ಹೇಳಿದ್ದನ್ನು ಬರೆದು, ದಿನಾಂಕ ಹಾಕಿ, ಬಿಲ್ಲೆಯ ಜೊತೆ ಇಡಲು ಹೇಳಿದೆ. ಕಾನ್ಪುರದ ಗುಜರಿಯಿಂದ ವಿಮಾನಗಳನ್ನು ಎಬ್ಬಿಸಿದ ಕೈಗಳಲ್ಲಿ ಹೆಚ್ಚಿನವರ ಹೆಸರು ಯಾವ ವಿಮಾನದ ಮೇಲೂ ಇಲ್ಲ. ಮೌಖಿಕ ಆಧಾರ ಎಂಬ ಉಪಶೀರ್ಷಿಕೆಗೆ ಅಂದು ತರಗತಿಯಲ್ಲಿ ಬೇರೆ ಉದಾಹರಣೆ ಬೇಕಾಗಲಿಲ್ಲ.

ಎಡವಿದ ಕಡೆಗಳು ಮತ್ತು ಕೆಲವು ಸೂಚನೆಗಳು

ಮರುಪಾಠದಲ್ಲೂ ತಪ್ಪುಗಳಾದವು. ಬೇಗೂರಿನ ಚಿತ್ರವನ್ನು ಪೀಠಿಕೆಯಲ್ಲೇ ತೋರಿಸಿದ್ದರಿಂದ ಆ ಗುಂಪಿನವರಿಗೆ ಅನ್ವೇಷಿಸಲು ಹೊಸದೇನೂ ಉಳಿಯದೆ ಬೇಗ ಮುಗಿಸಿ ಕೂತರು. ಅವರಿಗೆ ಬೇರೊಂದು ಕಲ್ಲಿನ ಚಿತ್ರ ಕೊಡಬೇಕಿತ್ತು. ವಿವರಣೆಯ ಹಂತ ಮೂರು ನಿಮಿಷ ಹೆಚ್ಚು ಎಳೆಯಿತು. ಅದರ ಪೆಟ್ಟು ಚೀಟಿ ಬರೆಯುವ ಸಮಯಕ್ಕೆ ಬಿತ್ತು. “ನಮ್ಮ ವಿಮಾನವನ್ನ ಅವರಿಗ್ಯಾಕೆ ಕೊಟ್ರು?” ಎಂದು ಒಬ್ಬ ಕೇಳಿದಾಗ ಪಾಲಂನಲ್ಲೂ ಒಂದಿದೆ ಎಂದು ಹೇಳಿ ಮುಂದೆ ಹೋದೆ. ಅಮೆರಿಕದಲ್ಲಿ ತಯಾರಾಗಿ, ಬ್ರಿಟಿಷರು ಹಾರಿಸಿ, ಕಾನ್ಪುರದಲ್ಲಿ ಕೆಟ್ಟು, ಬೆಂಗಳೂರಿನಲ್ಲಿ ದುರಸ್ತಿಯಾದ ವಿಮಾನ ‘ಯಾರದು’ ಎಂದು ತರಗತಿಯನ್ನೇ ಕೇಳಬಹುದಿತ್ತು.

ಇದೇ ದಾರಿಯಲ್ಲಿ ಪಾಠ ಯೋಜಿಸುವವರಿಗೆ ಮೂರು ಮಾತು. ನಿಮಗೆ ತುಂಬ ಇಷ್ಟವಾದ ವಿಷಯವನ್ನು ಉದಾಹರಣೆಯಾಗಿ ಆರಿಸಿಕೊಳ್ಳಿ, ಆದರೆ ಹೇಳಬೇಕೆನಿಸಿದ ಸಂಗತಿಗಳಲ್ಲಿ ಮುಕ್ಕಾಲು ಭಾಗ ಬಿಟ್ಟುಬಿಡಿ. ಯುದ್ಧದ ವಸ್ತು ತಂದರೆ ಅದು ಯಾರ ಮೇಲೆ ಪ್ರಯೋಗವಾಯಿತು ಎಂಬುದನ್ನು ಯೋಜನೆಯಲ್ಲೇ ಬರೆದುಕೊಳ್ಳಿ. ಮಗು ಕೇಳುವವರೆಗೆ ಕಾಯಬೇಡಿ. ಮಗು ಕೇಳಿದ ಪ್ರಶ್ನೆಗೆ ಅಂದು ಉತ್ತರ ಹೊಳೆಯದಿದ್ದರೆ “ಪಾಠದಲ್ಲಿ ಬರಲ್ಲ” ಎನ್ನದೆ ಹಲಗೆಯ ಮೂಲೆಯಲ್ಲಿ ಬರೆದಿಡಿ. ಮುಂದಿನ ಪಾಠಯೋಜನೆಯನ್ನು ಅಲ್ಲಿಂದ ಆರಂಭಿಸಬಹುದು.